ಸಾಕ್ರಟೀಸನಿಗೂ ಒಂದು ಎಡೆ

ಮುನೀಂದ್ರ ಗುಟ್ಟಾಗಿ ಕ್ರೈಸ್ತ ಧರ್ಮಕ್ಕೆ ಸೇರಿಬಿಟ್ಟಿದ್ದಾನೆ ಎಂದು ನಾನು ಬಹಳ ದಿನ ನಂಬಿಕೊಂಡಿದ್ದೆ. ನಂಬಿದ್ದಷ್ಟೇ ಅಲ್ಲ, ದೊಡ್ಡ ಮನಸ್ಸು ಮಾಡಿ ಅದನ್ನು ಒಪ್ಪಿಕೊಂಡೂ ಇದ್ದೆ.

ದೊಡ್ಡಬಳ್ಳಾಪುರದ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಕನ್ನಡ ಮೇಷ್ಟ್ರು. ಮುನೀಂದ್ರ ರಾಜ್ಯಶಾಸ್ತ್ರಕ್ಕೆ ಬಂದ ಹೊಸದರಲ್ಲಿ ಒಂದು ಭಾನುವಾರ ಹತ್ತಿರದ ಮಧುರೆ ಎಂಬ ಹಳ್ಳಿಯ ತನ್ನ ಮನೆಗೆ ಊಟಕ್ಕೆ ಕರೆದ. ಮುದ್ದೆ, ಕೋಳಿಸಾರು ಮುಗಿಸಿ ಎಲೆಅಡಿಕೆ ತಟ್ಟೆಗೆ ಕೈ ಚಾಚುತ್ತಾ ತಲೆಯೆತ್ತಿದೆ. ಹಜಾರದ ಗೋಡೆಯ ಮೇಲೆ ಅವರ ತಾತ ಮುತ್ತಾತಂದಿರ ಫೋಟೋಗಳ ಪಕ್ಕದಲ್ಲೇ ಸಾಲಾಗಿ ಐದು ಜನ ಪರದೇಶದವರು. ಇಬ್ಬರಿಗೆ ಹೊಲದ ಬೇಲಿಯಂಥ ಗಡ್ಡ, ಇಬ್ಬರಿಗೆ ಕತ್ತಿನ ತನಕ ಕೂದಲು, ಒಬ್ಬನಿಗೆ ಬಾಯಿಯೇ ಕಾಣದಷ್ಟು ಮೀಸೆ. ಐವರ ಹಣೆಗೂ ದುಂಡನೆಯ ಕುಂಕುಮ, ಕೊರಳಿಗೆ ಗಂಧದ ಚಕ್ಕೆಯ ಹಾರ.

ಸಂತರು ಎಂದುಕೊಂಡೆ. ಬಸ್ ಸ್ಟಾಪಿನ ತನಕ ಬಿಡಲು ಬಂದವನಿಗೆ ದಾರಿಯುದ್ದಕ್ಕೂ ಸರ್ವಧರ್ಮ ಸಮನ್ವಯದ ಮೇಲೆ ಒಂದು ಸಣ್ಣ ಭಾಷಣ ಕೊಟ್ಟೆ. "ಯಾರು ಯಾರನ್ನ ಪೂಜೆ ಮಾಡಿದ್ರೂ ನಮಗೇನಪ್ಪಾ, ಮನುಷ್ಯ ಮನುಷ್ಯನಾಗಿದ್ರೆ ಸಾಕು" ಎಂದೆ. "ಹೌದು ಸಾರ್" ಎಂದ, ಏನೂ ಅರ್ಥವಾಗದೆ. ಡಿಸೆಂಬರ್ ಕೊನೆಯಲ್ಲಿ ಸ್ಟಾಫ್ ರೂಮಿನಲ್ಲಿ ಅವನ ಕಿವಿಯ ಹತ್ತಿರ ಬಗ್ಗಿ, "ಏನಪ್ಪಾ, ಕೇಕು ನಮಗೆಲ್ಲ ಇಲ್ವಾ?" ಎಂದೆ.

"ಯಾವ ಕೇಕು ಸಾರ್?"

"ಅದೇ, ನಿಮ್ಮ ಹಬ್ಬದ್ದು. ಗೋಡೆ ಮೇಲೆ ನೋಡಿದೀನಪ್ಪಾ, ನಾನೇನೂ ಯಾರಿಗೂ ಹೇಳಲ್ಲ. ಆ ಮೊದಲನೇ ಗಡ್ಡದವರು ಯಾವ ಸಂತರು?"

ಮುನೀಂದ್ರ ನನ್ನನ್ನೇ ನೋಡಿದ. "ಅದು ಸಾಕ್ರಟೀಸ್ ಸಾರ್."

ಎರಡನೇ ಗಡ್ಡ ಪ್ಲೇಟೋ. ಕೂದಲು ಬಿಟ್ಟವರು ಡೆಕಾರ್ಟ್ ಮತ್ತು ಕಾಂಟ್. ಮೀಸೆ ನೀಷೆಯದು. ಗೊತ್ತಿಲ್ಲ ಎಂದು ತೋರಿಸಿಕೊಳ್ಳುವುದು ನನ್ನ ಸರ್ವೀಸಿಗೆ ತಕ್ಕುದಲ್ಲವಾದ್ದರಿಂದ, "ಅದು ಗೊತ್ತಪ್ಪಾ, ಕುಂಕುಮ ಯಾಕೆ ಅಂತ ಕೇಳ್ದೆ" ಎಂದೆ.

"ಅದು ನಮ್ಮಮ್ಮ ಸಾರ್."

ಅವನ ತಾಯಿ ಸಪ್ಪಲಮ್ಮನವರ ಲೆಕ್ಕದಲ್ಲಿ ಮನೆಯ ಗೋಡೆ ಏರಿದವರೆಲ್ಲ ಮನೆಯವರು. ಶುಕ್ರವಾರ ಒದ್ದೆ ಬಟ್ಟೆಯಲ್ಲಿ ಗಾಜು ಒರೆಸಿ ಮಾವನವರ ಹಣೆಗೆ ಕುಂಕುಮ ಇಟ್ಟ ಬೆರಳು ಮುಂದಕ್ಕೆ ಜರುಗಿದರೆ ಸಿಗುವುದು ಸಾಕ್ರಟೀಸನ ಹಣೆಯೇ. ಅಲ್ಲಿಗೆ ನಿಲ್ಲಿಸುವುದಕ್ಕೆ ಆ ಬೆರಳಿಗೆ ಕಾರಣವೇನೂ ಸಿಕ್ಕಿರಲಿಲ್ಲ. ಕಾಂಟ್ ಮೇಲೆ ಅವರಿಗೆ ಒಂದು ಹಿಡಿ ಹೆಚ್ಚು ವಿಶ್ವಾಸ. "ಈವಯ್ಯಂಗೆ ಹಣೆ ಒಳ್ಳೆ ಕಣದಂಗೈತೆ, ಕುಂಕುಮ ಚೆನ್ನಾಗಿ ಕೂರ್ತದೆ" ಎನ್ನುತ್ತಿದ್ದರು.

ಮುನೀಂದ್ರನಿಗೆ ಈ ರೋಗ ಹತ್ತಿದ್ದು ಸಿಲಬಸ್ಸಿನಿಂದ. ರಾಜ್ಯಶಾಸ್ತ್ರದಲ್ಲಿ ಪಾಶ್ಚಾತ್ಯ ಚಿಂತಕರು ಎಂದು ಒಂದು ಪೇಪರ್ ಇದೆ. ಬೇರೆ ಮೇಷ್ಟ್ರುಗಳು ಅದನ್ನು ನೋಟ್ಸ್ ಕೊಟ್ಟು ಮುಗಿಸಿ ಮನೆಗೆ ಹೋಗುತ್ತಾರೆ. ಇವನು ಪ್ಲೇಟೋ ಹೇಳಿದ್ದು ನಿಜ ಇರಬಹುದೇನೋ ಎಂದು ಅನುಮಾನ ಪಟ್ಟ. ಅಲ್ಲಿಂದ ಅವನಿಗೆ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು. ಅರಿಸ್ಟಾಟಲ್ ಓಡಾಡಿಕೊಂಡೇ ಪಾಠ ಹೇಳುತ್ತಿದ್ದನಂತೆ. ಮುನೀಂದ್ರನ ತರಗತಿಯಲ್ಲಿ ಮಕ್ಕಳ ಕತ್ತು ಬೀಸುವ ಫ್ಯಾನಿನ ಹಾಗೆ ಆ ಗೋಡೆಯಿಂದ ಈ ಗೋಡೆಗೆ ತಿರುಗುತ್ತಿತ್ತು.

ಓದಿದ್ದನ್ನು ಓದಿ ಸುಮ್ಮನಿರುವ ಜಾಯಮಾನವೂ ಅವನದಲ್ಲ. ಯಾರನ್ನು ಓದುತ್ತಾನೋ ಅವರ ಹಾಗೆ ಬದುಕಿ ನೋಡಬೇಕು. ಹಾಗಾಗಿ ಎರಡೂವರೆ ಸಾವಿರ ವರ್ಷದ ತತ್ವಶಾಸ್ತ್ರದ ಚರಿತ್ರೆ ಮಧುರೆಯ ಆ ಮನೆಯೊಳಗೆ ಒಂದೊಂದೇ ಹೆಜ್ಜೆ ಇಟ್ಟು ಬಂತು. ಬಂದದ್ದನ್ನೆಲ್ಲ ಸಹಿಸಿಕೊಂಡವಳು ಹೆಂಡತಿ ಮಮತ. ಆಕೆ ದೊಡ್ಡಬಳ್ಳಾಪುರದ ನರ್ಸಿಂಗ್ ಹೋಮ್ ಒಂದರಲ್ಲಿ ನರ್ಸು. ಆ ಕೆಲಸದ ಅಭ್ಯಾಸ ಇಲ್ಲದ ಹೆಂಗಸಾಗಿದ್ದರೆ ತವರಿಗೆ ಹೋಗಿಬಿಡುತ್ತಿದ್ದಳು.

ಜಗತ್ತೆಲ್ಲ ನೀರಿನಿಂದ ಆದದ್ದು ಎಂದ ಥೇಲೀಸನನ್ನು ಓದಿ ಬಂದ ದಿನ, ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾಯುತ್ತಿದ್ದವಳ ಮುಂದೆ ಅದನ್ನು ವಿವರಿಸಲು ಹೋಗಿ ಬೈಸಿಕೊಂಡ. ಒಂದೇ ನದಿಗೆ ಎರಡನೇ ಸಲ ಇಳಿಯಲಾಗದು, ಅಷ್ಟರಲ್ಲಿ ಅದು ಬೇರೆ ನದಿಯಾಗಿರುತ್ತದೆ ಎಂದವನು ಹೆರಾಕ್ಲೀಟಸ್. ಅದನ್ನು ಪರೀಕ್ಷಿಸೋಣ ಬನ್ನಿ ಸಾರ್ ಎಂದು ನನ್ನನ್ನೂ ಬೈಕಿನಲ್ಲಿ ಅರ್ಕಾವತಿಯ ಹತ್ತಿರ ಕರೆದುಕೊಂಡು ಹೋದ. ಇಬ್ಬರೂ ಮೂಗು ಮುಚ್ಚಿಕೊಂಡು ಸೇತುವೆಯ ಮೇಲೆ ನಿಂತೆವು. "ನಮ್ಮ ಹೊಳೇಗೆ ಒಂದನೇ ಸಲಾನೂ ಇಳಿಯೋಕಾಗಲ್ಲ ಕಣೋ, ಆ ಯಪ್ಪ ಪುಣ್ಯವಂತ" ಎಂದೆ. ಮುನೀಂದ್ರ ನಗಲಿಲ್ಲ. ಕಾಲು ಕುಣಿಸುತ್ತಾ ನೊರೆಯನ್ನೇ ನೋಡುತ್ತಿದ್ದ.

ಡೆಕಾರ್ಟ್ ಕಾಲದಲ್ಲಿ ಅವನಿಗೆ ಎಲ್ಲದರ ಮೇಲೂ ಅನುಮಾನ. ಆ ಮಹಾನುಭಾವ ಮಧ್ಯಾಹ್ನದ ತನಕ ಹಾಸಿಗೆಯಲ್ಲೇ ಮಲಗಿ ಯೋಚಿಸುತ್ತಿದ್ದನಂತೆ. ಈ ಒಂದು ಸಿದ್ಧಾಂತ ಮುನೀಂದ್ರನಿಗೆ ಪ್ರಯಾಸವಿಲ್ಲದೆ ಹಿಡಿಸಿತು.

"ಏಳ್ರೀ, ಬಸ್ಸು ಹೋಗ್ತದೆ."

"ಇದು ಕನಸೋ ಎಚ್ಚರವೋ ಹೇಗ್ ಹೇಳ್ತೀಯ ಮಮತ? ನೀನು ನಿಜವಾಗ್ಲೂ ಇದ್ದೀಯಾ ಅನ್ನೋದಕ್ಕೆ ಏನು ಆಧಾರ?"

"ಏನೂ ಇಲ್ಲ. ಇಲ್ದೆ ಇರೋಳು ತಿಂಡಿನೂ ಮಾಡಿಲ್ಲ, ಡಬ್ಬಿನೂ ಕಟ್ಟಿಲ್ಲ. ಹೋಗ್ಬನ್ನಿ."

ಕೊನೆಗೆ ಸ್ವೀಡನ್ ರಾಣಿಗೆ ಪಾಠ ಹೇಳಲು ಬೆಳಗಿನ ಜಾವ ಎದ್ದೂ ಎದ್ದೂ ಆ ಡೆಕಾರ್ಟ್ ಚಳಿ ಹತ್ತಿ ಸತ್ತ ಎಂದು ತಿಳಿದಾಗ ಮುನೀಂದ್ರ ಒಂದು ವಾರ ಬೆಳಗಿನ ಹಾಲು ತರಲು ಹೋಗಲಿಲ್ಲ. ಆಮೇಲೆ ಬಂದವನು ಬರ್ಕ್ಲಿ. ನೋಡುವವರಿಲ್ಲದೆ ವಸ್ತುವೇ ಇಲ್ಲ ಎನ್ನುವ ಪಾದ್ರಿ. ಹಾಲು ನೋಡ್ತಿರಿ ಎಂದು ಹೇಳಿ ಮಮತ ಬಟ್ಟೆ ಒಣಹಾಕಲು ಹೋದಳು. ಇವನು ಬೇಕೆಂದೇ ಅಡುಗೆಮನೆಯಿಂದ ಆಚೆ ಬಂದು, ಬಾಗಿಲು ಎಳೆದುಕೊಂಡು, ಹಜಾರದಲ್ಲಿ ನಿಂತ. ನೋಡದೆ ಇದ್ದರೂ ಹಾಲು ಉಕ್ಕಿತು. ಬರ್ಕ್ಲಿ ಆ ಮನೆಯಲ್ಲಿ ಬಾಳಿದ್ದು ಆ ಒಂದು ದಿನ ಮಾತ್ರ.

ಇದನ್ನೆಲ್ಲ ಸ್ಟಾಫ್ ರೂಮಿನಲ್ಲಿ ಹೇಳಿ ನಕ್ಕಿದ್ದೇವೆ. ಸಾಕ್ರಟೀಸನ ಕಾಲದ್ದನ್ನು ಮಾತ್ರ ಅವನು ಯಾರಿಗೂ ಹೇಳಿರಲಿಲ್ಲ. ಒಂದು ದಿನ ಕ್ಯಾಂಟೀನಿನಲ್ಲಿ ಟೀ ಆರುವ ತನಕ ಲೋಟ ತಿರುಗಿಸುತ್ತಾ ಕೂತಿದ್ದು, ನಾನು ಕೇಳದೆಯೇ ಹೇಳಿದ.

ಅವನ ಅಪ್ಪ ಬೈಲಪ್ಪನವರು ಊರಿನಲ್ಲಿ ನ್ಯಾಯ ಹೇಳುವವರು. ಬದುವಿನ ಜಗಳ, ಅಣ್ಣತಮ್ಮಂದಿರ ಪಾಲು, ದಾರಿಯ ತಕರಾರು ಏನೇ ಇರಲಿ, ಅರಳಿಕಟ್ಟೆಯ ಮೇಲೆ ಟವೆಲ್ ಹಾಸಿಕೊಂಡು ಅವರು ಕೂತರೆ ಸಂಜೆಯೊಳಗೆ ಮುಗಿಯುತ್ತಿತ್ತು. ಸಾಕ್ರಟೀಸ್ ಕಂಡಕಂಡವರನ್ನು ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದನಷ್ಟೆ. ಅದು ತಲೆಗೇರಿದ್ದ ದಿನಗಳಲ್ಲಿ ಒಂದು ಸಂಜೆ ಮುನೀಂದ್ರ ಬಸ್ಸಿಳಿದು ಬರುವಾಗ ಕಟ್ಟೆಯ ಮೇಲೆ ಇಬ್ಬರು ಅಣ್ಣತಮ್ಮಂದಿರ ಪಾಲಿನ ಪಂಚಾಯ್ತಿ ನಡೆಯುತ್ತಿತ್ತು. ಗುಂಪಿನ ಹಿಂದೆ ನಿಂತೇ ಕೇಳಿದ.

"ಅಪ್ಪಾ, ನ್ಯಾಯ ಅಂದ್ರೇನು?"

"ಇಬ್ರಿಗೂ ಸಮ ಕೊಡೋದು ಕಣಪ್ಪ."

"ಒಬ್ಬಂಗೆ ಮನೆ ತುಂಬ ಮಕ್ಕಳು, ಇನ್ನೊಬ್ಬಂಗೆ ಯಾರೂ ಇಲ್ಲ. ಆಗ್ಲೂ ಸಮನಾ?"

"ಹಿರೀಕರು ಹಂಗೇ ಮಾಡ್ಕಂಡು ಬಂದವ್ರೆ."

"ಹಿರೀಕರು ಮಾಡಿದ್ದೆಲ್ಲ ನ್ಯಾಯನಾ?"

 ಯಾರೋ ಹಿಂದೆ ಕಿಸಕ್ಕೆಂದರು. ಒಬ್ಬ, "ಮಗಾನೇ ಗೆದ್ದ ಬಿಡಪ್ಪ" ಎಂದ. ಬೈಲಪ್ಪನವರು ಎದ್ದು, ಟವೆಲ್ ಕೊಡವಿ, ಹೆಗಲಿಗೆ ಹಾಕಿಕೊಂಡು ಮನೆಗೆ ಹೋದರು. ಆಮೇಲೆ ಅವರು ಕಟ್ಟೆಯ ಮೇಲೆ ಕೂರಲಿಲ್ಲ. ಮಗನ ಜೊತೆ ಮಾತು ಬಿಡಲಿಲ್ಲ. ರಾಗಿ, ಗೊಬ್ಬರ, ಹಸುವಿನ ಮಾತು ಆಡುತ್ತಿದ್ದರು. ಎರಡು ಬೇಸಿಗೆ ಕಳೆದ ಮೇಲೆ ಎದೆನೋವೆಂದು ಆಸ್ಪತ್ರೆಗೆ ಸೇರಿಸಿದಾಗ, ಸ್ಟ್ರೆಚರಿನ ಮೇಲಿಂದ ಮಗನ ಕೈ ಹಿಡಿದು, "ಅವತ್ತು ಕೇಳ್ದಲ್ಲ ಮುನಿ, ಅದುಕ್ಕೆ ಹೇಳ್ತೀನಿ ಇರು" ಎಂದರಂತೆ. ಅಷ್ಟರಲ್ಲಿ ಆಸ್ಪತ್ರೆಯವರು ತಳ್ಳಿಕೊಂಡು ಒಳಗೆ ಹೋದರು. ಬೈಲಪ್ಪನವರು ಜೀವಂತವಾಗಿ ಆಚೆಗೆ ಬರಲಿಲ್ಲ.

"ಏನ್ ಹೇಳೋಕಿದ್ರು ಸಾರ್?" ಎಂದ ಮುನೀಂದ್ರ. ಅವನ ಮೊಣಕಾಲು ಟೇಬಲನ್ನು ಕುಟ್ಟುತ್ತಿತ್ತು.  "ಟೀ ಕುಡಿಯಪ್ಪಾ" ಎಂದೆ.

ಅಪ್ಪ ಹೋದ ಮೇಲೆ ಅವನು ಗೋಡೆಯ ಮೇಲಿದ್ದ ಕಾಂಟ್‌ನನ್ನು ಹಿಡಿದ. ಉಳಿದವರು ಬಂದು ಹೋದರೆ ಕಾಂಟ್ ಬಂದು ಬಿಡಾರ ಹೂಡಿದ. ಆ ಮನುಷ್ಯ ವಾಕಿಂಗ್ ಹೊರಟರೆ ಊರಿನವರು ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರಂತೆ. ಮಧುರೆಯಲ್ಲಿ ಮುನೀಂದ್ರನನ್ನು ನೋಡಿ ಗಡಿಯಾರ ತಿರುಗಿಸಿದವರು ಯಾರೂ ಇಲ್ಲ, ಸಂಜೆ ಅವನ ಹಿಂದೆ ನಾಯಿಗಳು ಮಾತ್ರ ಟೈಮಿಗೆ ಸರಿಯಾಗಿ ಹೊರಡುತ್ತಿದ್ದವು. ಅದಿರಲಿ. ತೊಂದರೆಯಾದದ್ದು ಕಾಂಟ್‌ನ ಇನ್ನೊಂದು ಮಾತಿನಿಂದ. ಸುಳ್ಳು ಹೇಳಬಾರದು. ಕೊಲ್ಲಲು ಬಂದವನೇ ಬಾಗಿಲಲ್ಲಿ ನಿಂತು ನಿನ್ನ ಗೆಳೆಯ ಒಳಗಿದ್ದಾನಾ ಎಂದು ಕೇಳಿದರೂ ಸುಳ್ಳು ಹೇಳಬಾರದು.

ಮಮತಳ ಅಣ್ಣ ಚಲಪತಿ ದೇವನಹಳ್ಳಿಯಲ್ಲಿ ಸೈಟು ಮಾರಿಸುವ ಕೆಲಸ ಮಾಡುವವನು. ರಸ್ತೆಯೇ ಇಲ್ಲದ ಕಡೆ ರಸ್ತೆ ತೋರಿಸಿದ್ದಕ್ಕೆ ಗಿರಾಕಿಯೊಬ್ಬ ಹುಡುಕಿಕೊಂಡು ಬರುತ್ತಿದ್ದಾನೆಂದು ತಂಗಿಯ ಮನೆಗೆ ಓಡಿಬಂದು ಅಟ್ಟ ಹತ್ತಿ ಕೂತ. ಗಿರಾಕಿಯೂ ಬಂದ, ಜೊತೆಗೆ ಇಬ್ಬರು ದಪ್ಪನೆಯವರು. "ಚಲಪತಿ ಇಲ್ಲಿಗೆ ಬಂದಿದ್ನಾ ಮೇಷ್ಟ್ರೇ?" ಮುನೀಂದ್ರ ಬೆವರಿದ, ಚಪ್ಪಲಿ ಹಾಕಿದ, ಬಿಚ್ಚಿದ, ಗೋಡೆಯ ಮೇಲಿನ ಕಾಂಟ್‌ನನ್ನು ನೋಡಿದ.

"ಅಟ್ಟದ ಮೇಲಿದಾನೆ. ಏಣಿ ಹಿತ್ತಲಲ್ಲಿದೆ."

ಏಣಿಯ ವಿಷಯ ಅವರು ಕೇಳಿರಲಿಲ್ಲ. ಅಂದಿನಿಂದ ಚಲಪತಿ ಆ ಮನೆಯ ಹೊಸಿಲು ತುಳಿದಿಲ್ಲ.

ಇಷ್ಟು ಹೇಳಿದ್ದು ಮಹಾಲಯ ಅಮಾವಾಸ್ಯೆಯ ದಿನಕ್ಕೆ ಬರಲಿಕ್ಕೆ. ಬೈಲಪ್ಪನವರ ವರ್ಷದ ಕಾರ್ಯ ಮುಗಿದು, ಅವರು ಹಿರಿಯರ ಸಾಲಿಗೆ ಸೇರಿದ ಮೇಲೆ ಬಂದ ಮೊದಲ ಪಿತೃಪಕ್ಷ. ನಮ್ಮ ಕಡೆ ಅವತ್ತು ಸತ್ತವರ ಫೋಟೋ ಸಾಲಾಗಿ ಇಟ್ಟು, ಅವರವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಲೆಯ ಮೇಲೆ ಎಡೆ ಬಡಿಸಿ, ಬಾಗಿಲು ಹಾಕಿಕೊಂಡು ಮನೆಯವರೆಲ್ಲ ಆಚೆ ಬಂದು ಕೂರುತ್ತೇವೆ. ಅವರು ಬಂದು ಉಂಡು ಹೋಗಲು ಸ್ವಲ್ಪ ಹೊತ್ತು ಕೊಟ್ಟು, ಕೆಮ್ಮಿ, ಬಾಗಿಲು ತೆಗೆಯುತ್ತೇವೆ. ಆಮೇಲೆ ನಮ್ಮ ಊಟ. ಎಡೆ ಇಡಬೇಕಾದವನು ಮಗ.

ಅವತ್ತು ನನಗೂ ಊಟಕ್ಕೆ ಕರೆ ಇತ್ತು. ಹೊರಡುವ ಮೊದಲೇ ಮಮತಳ ಫೋನು.

"ಸಾರ್, ಬೇಗ ಬನ್ನಿ. ಇವರು ಎಡೆ ಇಡಲ್ಲ ಅಂತ ಕೂತವ್ರೆ. ಅತ್ತೆ ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಶುಗರ್ ಮಾತ್ರೆ ಬೇರೆ ನುಂಗಿಬಿಟ್ಟವ್ರೆ. ಎಡೆ ಆಗೋ ತನಕ ಬಾಯಿಗೆ ನೀರೂ ಬೇಡ ಅಂತಾರೆ. ನೀವು ಹೇಳಿದ್ರೆ ಇವರು ಕೇಳ್ತಾರೆ."

ನಾನು ಹೇಳಿದರೆ ಕೇಳುತ್ತಾರೆ ಎಂದು ನನ್ನ ಮನೆಯಲ್ಲಿ ಯಾರೂ ಹೇಳಿದ್ದಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಭಾಷಣ ತಯಾರು ಮಾಡಿಕೊಂಡೆ. ಸಂಸ್ಕೃತಿ ಇತ್ತು, ಋಣ ಇತ್ತು, ಕೊನೆಯಲ್ಲಿ ಒಂದು ಮೆಲ್ಲನೆಯ ನಗೆಯೂ ಇತ್ತು.

ಹೋದಾಗ ಇಳಿಹೊತ್ತು. ಮನೆ ತುಂಬ ಮಟನ್ ಸಾರಿನ ವಾಸನೆ. ಹಜಾರದಲ್ಲಿ ಗೋಡೆಯ ಫೋಟೋಗಳೆಲ್ಲ ಕೆಳಗಿಳಿದು ಹೊಸ ಪಂಚೆಯ ಮೇಲೆ ಸಾಲಾಗಿ ಕೂತಿದ್ದವು. ಮುತ್ತಾತ, ತಾತ, ಬೈಲಪ್ಪ. ಅವರ ಪಕ್ಕ ಸಾಕ್ರಟೀಸ್, ಪ್ಲೇಟೋ, ಡೆಕಾರ್ಟ್, ಕಾಂಟ್, ನೀಷೆ. ಒಬ್ಬೊಬ್ಬರ ಮುಂದೂ ಒಂದೊಂದು ಬಾಳೆಎಲೆ, ಖಾಲಿ. ಸಪ್ಪಲಮ್ಮನವರು ಕಂಬಕ್ಕೆ ಒರಗಿ ಕೂತಿದ್ದರು. ಮುಖ ಬಾಡಿತ್ತು, ದನಿ ಬಾಡಿರಲಿಲ್ಲ. ಮುನೀಂದ್ರ ಹಜಾರಕ್ಕೂ ಹಿತ್ತಲಿಗೂ ಓಡಾಡುತ್ತಿದ್ದ.

"ಬನ್ನಿ ಮೇಷ್ಟ್ರೇ, ನೋಡಿ ನಿಮ್ಮ ಕಾಲೇಜಿನೋರ್ನ" ಎಂದರು ಸಪ್ಪಲಮ್ಮ.

"ಅಮ್ಮಾ, ಇವರಿಗೆಲ್ಲಾ ಯಾಕ್ ಎಲೆ ಹಾಕಿದೀರಾ?" ಎಂದೆ, ನಗು ತಡೆದುಕೊಂಡು.

"ಸತ್ತೋರು ತಾನೇ? ನಮ್ಮನೆ ಗೋಡೆ ಮೇಲಿದ್ದು, ಇವತ್ತೊಂದಿನ ಹಂಗೇ ಕಳ್ಸಕ್ಕಾಯ್ತದಾ? ಅವರ ಮನೇಲಿ ಇಡೋರು ಇದ್ದಿದ್ರೆ ಬೇರೆ ಮಾತು. ಈ ಮುನಿನ ಕೇಳಿದ್ರೆ ಒಬ್ಬೊಬ್ಬರ ಕತೆನೂ ಒಂದೊಂಥರ ಐತೆ. ಲೇ, ಹೇಳ್ಲಾ ಅವ್ರಿಗೆ. ಈ ಹಣೆಯೋನಿಗೆ ಮಕ್ಕಳೆಷ್ಟು?"

ಮುನೀಂದ್ರ ಹಿತ್ತಲ ಬಾಗಿಲಲ್ಲೇ ನಿಂತ. "ಕಾಂಟ್‌ಗೆ ಮದುವೆ ಆಗಿರ್ಲಿಲ್ಲಮ್ಮ."

"ಅವನ ಪಕ್ಕದೋನು?"

"ಡೆಕಾರ್ಟ್... ಅವನಿಗೂ ಮದುವೆ ಇಲ್ಲ. ಪ್ಲೇಟೋಗೂ ಇಲ್ಲ. ನೀಷೆ ಕೇಳಿದ್ದ, ಹುಡುಗಿ ಒಪ್ಪಲಿಲ್ಲ."

"ಆ ಮೀಸೆ ಇಟ್ಕಂಡು ಕೇಳಿದ್ರೆ ಯಾರ್ ಒಪ್ತಾರೆ? ಕೇಳುದ್ರಾ ಮೇಷ್ಟ್ರೇ, ಅಷ್ಟೂ ಜನ ಓದ್ಕಂಡು ಒಂಟಿಯಾಗಿ ಸತ್ತವ್ರೆ. ಹಿಂದೆ ಎಡೆ ಇಡೋರೇ ಇಲ್ಲ. ಈ ಗಡ್ಡದೋನೊಬ್ಬಂಗೇ ಹೆಂಡ್ತಿ ಮಕ್ಕಳು ಇದ್ದಿದ್ದು. ಅವಂಗೆ ಏನ್ ಇಷ್ಟ, ಏನ್ ಕುಡೀತಿದ್ದ ಅಂತ ಬೆಳಿಗ್ಗೆ ಕೇಳ್ದೆ. ಇವನು ಏನಂದ ಗೊತ್ತಾ?"

"ಕೊನೇಲಿ ವಿಷ ಕುಡಿದ ಅಂದೆ" ಎಂದ ಮುನೀಂದ್ರ.

"ಯಾರು ಕೊಟ್ರು ಅಂದೆ. ಊರೋರೇ ನ್ಯಾಯ ಸೇರ್ಸಿ ಕೊಟ್ರು ಅಂದ. ಯಾಕ್ಲಾ ಅಂದ್ರೆ, ಎಲ್ರುನ್ನೂ ನಿಲ್ಸಿ ಪ್ರಶ್ನೆ ಕೇಳ್ತಿದ್ದ ಅಂತೆ." ಸಪ್ಪಲಮ್ಮ ಮಗನನ್ನು ಮೇಲಿಂದ ಕೆಳಗೆ ನೋಡಿದರು. "ನಮ್ಮೂರೋರು ಎಷ್ಟೋ ವಾಸಿ."

ಮಮತ ಶುಗರ್ ನೋಡುವ ಪುಟ್ಟ ಮಿಷನ್ನು ತಂದು ಅತ್ತೆಯ ಬೆರಳಿಗೆ ಚುಚ್ಚಿದಳು. ಬಂದದ್ದನ್ನು ನೋಡಿ ಅವಳ ಮುಖ ಬದಲಾಯಿತು. "ಬಹಳ ಇಳಿದಿದೆ ರೀ" ಎಂದು ಗಂಡನಿಗೆ ತೋರಿಸಿ, ಬೆಲ್ಲದ ಚೂರು ತಂದು ಅತ್ತೆಯ ಬಾಯಿಗೆ ಹಿಡಿದಳು. ಮುದುಕಿ ತುಟಿ ಬಿಗಿದುಕೊಂಡರು. ತಲೆ ಮಾತ್ರ ಆಡಿಸಿದರು.

ಇದೇ ಸಮಯವೆಂದು ನಾನು ಭಾಷಣ ತೆಗೆದೆ. "ನೋಡಪ್ಪಾ ಮುನೀಂದ್ರ, ನಂಬಿಕೆ ಅನ್ನೋದು..."

"ನಂಬಿಕೆ ಅಂದ್ರೇನು ಸಾರ್?"

ಭಾಷಣ ಅಲ್ಲಿಗೆ ಮುಗಿಯಿತು. ಮೆಲ್ಲನೆಯ ನಗೆಯ ತನಕ ಹೋಗಲೇ ಇಲ್ಲ.

"ಸುಮ್ನೆ ಬಡಿಸಿಬಿಡ್ರೀ. ನೀವು ನಂಬಿ ಅಂತ ಯಾರಂದ್ರು?" ಎಂದಳು ಮಮತ.

"ಅಪ್ಪ ಬಂದು ಉಣ್ತಾರೆ ಅಂತ ನಂಗೆ ಅನ್ನಿಸ್ದೆ ಬಡಿಸಿದ್ರೆ, ಅದು ಅಮ್ಮನಿಗೆ ಹೇಳೋ ಸುಳ್ಳು. ಬಾಯಲ್ಲಿ ಹೇಳಿದ್ರೇನು, ಸೌಟಲ್ಲಿ ಹೇಳಿದ್ರೇನು?" ಅವನು ಖಾಲಿ ಎಲೆಗಳ ಕಡೆ ಕೈ ತೋರಿಸಿದ. "ಬರ್ತಾರೆ ಅಂತಾದ್ರೆ... ಬರ್ತಾರೆ ಅಂತಾದ್ರೆ ನಾನು ಹೆಂಗೆ ಅವರ ಮುಂದೆ..." ಎಂದವನು ಮಾತು ಬಿಟ್ಟು ಮತ್ತೆ ಹಿತ್ತಲಿಗೆ ಹೋದ. ಅಲ್ಲಿ ಬಿಂದಿಗೆ ಎತ್ತಿ ಇಡುವ ಸದ್ದು. ಮತ್ತೆ ಬಂದ. ಅಪ್ಪನ ಫೋಟೋ ನೋಡಲಿಲ್ಲ. ಬಾಗಿಲ ಚಿಲಕ ನೋಡಿದ.

ಸಪ್ಪಲಮ್ಮನವರು ತುಟಿ ಸಡಿಲಿಸಿದರು. "ಲೇ ಮುನಿ, ನೀನ್ ನಂಬ್ಬೇಡ ಕಣೋ. ನಂಬೋದು ನಾನ್ ನೋಡ್ಕಂತೀನಿ. ನೀನು ಬಡ್ಸು." ಅಷ್ಟು ಹೇಳುವಷ್ಟರಲ್ಲಿ ಅವರ ತಲೆ ಕಂಬದಿಂದ ಪಕ್ಕಕ್ಕೆ ಜಾರಿತು. ಮಮತ ಹಿಡಿದುಕೊಂಡಳು.

ಮುನೀಂದ್ರ ನಿಂತುಬಿಟ್ಟ. ನನಗೆ ತಿಳಿದ ಮಟ್ಟಿಗೆ ಎಷ್ಟೋ ತಿಂಗಳಲ್ಲಿ ಅವನು ಹಾಗೆ ಅಲುಗದೆ ನಿಂತದ್ದು ಅದೇ ಮೊದಲು. ಆಮೇಲೆ ಜೇಬಿನಿಂದ ಮೊಬೈಲು ತೆಗೆದ.

"ಬಡಿಸ್ತೀನಿ. ಆದ್ರೆ ಇದನ್ನ ಒಳಗಿಟ್ಟು ವಿಡಿಯೋ ಆನ್ ಮಾಡ್ತೀನಿ. ಬಾಗಿಲು ತೆಗೆದ ಮೇಲೆ ಎಲ್ರೂ ನೋಡೋಣ. ಏನಿದೆಯೋ ಅದು. ಸತ್ಯ ಅಂದ್ರೆ ಸತ್ಯ."

"ರೀ!" ಎಂದಳು ಮಮತ.

ಮುದುಕಿ ಕಣ್ಣು ಅರ್ಧ ತೆರೆದರು. "ಇಡ್ಲಿ ಬಿಡವ್ವ. ಫೋಟೋ ತೆಗೆಸ್ಕಳೋದು ಅಂದ್ರೆ ಅವರಿಗೂ ಇಷ್ಟಾನೇ."

ಅವನು ಬಡಿಸಿದ. ಅನ್ನ, ಮುದ್ದೆ, ಮಟನ್ ಸಾರು, ಕಜ್ಜಾಯ, ವಡೆ. ಬೈಲಪ್ಪನವರ ಎಲೆಯ ಪಕ್ಕ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ. ಸಾಕ್ರಟೀಸನ ಎಲೆಗೆ ಸಾರು ಹಾಕುವಾಗ ಕೈ ತಡೆಯಿತು, ಪಕ್ಕದಲ್ಲಿ ಒಂದು ಲೋಟ ಮಜ್ಜಿಗೆ ಇಟ್ಟ. ಒಣ ಅವರೆಕಾಳಿನ ಪಲ್ಯ ಬಡಿಸುತ್ತಾ, "ಪೈಥಾಗೊರಸ್ ಅಂತೊಬ್ಬ ಇದನ್ನ ಮುಟ್ತಾನೇ ಇರ್ಲಿಲ್ಲ ಸಾರ್" ಎಂದು ಗೊಣಗಿದ. ಕಂಬದ ಕಡೆಯಿಂದ ಕ್ಷೀಣವಾಗಿ ಉತ್ತರ ಬಂತು. "ಅಂಥೋರ್ನ ನಮ್ಮನೆ ಗೋಡೆಗೆ ತರಬೇಡ."

ನಮ್ಮನ್ನೆಲ್ಲ ಮೊದಲು ಆಚೆಗೆ ಕಳಿಸಿದ. ತಾನು ಕೊನೆಗೆ ಬಂದು ಬಾಗಿಲು ಎಳೆದು ಚಿಲಕ ಹಾಕಿದ. "ಇಟ್ಟಿದೀನಿ, ಕಿಟಕಿ ಮೇಲೆ. ಅಪ್ಪನ ಎಲೆ ಸರಿಯಾಗಿ ಕಾಣ್ತದೆ" ಎಂದ.

ಜಗಲಿಯ ಮೇಲೆ ಕೂತೆವು. ಮಮತ ಅತ್ತೆಯ ಬೆನ್ನಿಗೆ ಕೈ ಕೊಟ್ಟು, ಇನ್ನೊಂದು ಮುಷ್ಟಿಯಲ್ಲಿ ಬೆಲ್ಲ ಹಿಡಿದು ಕೂತಿದ್ದಳು. ಬೀದಿಯಲ್ಲಿ ಬೇರೆ ಮನೆಗಳವರೂ ಹೀಗೆಯೇ ತಮ್ಮ ತಮ್ಮ ಬಾಗಿಲು ಹಾಕಿಕೊಂಡು ಕೂತಿದ್ದರು, ಒಬ್ಬರನ್ನೊಬ್ಬರು ಮಾತಾಡಿಸದೆ. ನನ್ನ ಹೊಟ್ಟೆ ಸದ್ದು ಮಾಡಿತು. ನಾಚಿಕೆಯಾಗಿ ಕೆಮ್ಮಿದೆ. "ಈಗ್ಲೇ ಕೆಮ್ಮಬೇಡಿ ಮೇಷ್ಟ್ರೇ, ಅವರಿನ್ನೂ ಉಣ್ತಾ ಅವ್ರೆ" ಎಂದರು ಸಪ್ಪಲಮ್ಮ. ಮುನೀಂದ್ರ ಕೂತ, ಎದ್ದ, ಮೆಟ್ಟಿಲಿಳಿದ, ಹತ್ತಿದ. ಬಾಗಿಲ ಸಂದಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿಕೊಂಡು ಬಂದ. ಮತ್ತೆ ಹೋದ.

ಆಗ ಫೋನು ಹೊಡೆದುಕೊಂಡಿತು.

ಒಳಗಿನಿಂದಲ್ಲ. ಮುನೀಂದ್ರನ ಪ್ಯಾಂಟಿನ ಜೇಬಿನಿಂದ.

ಮಮತ ತಲೆಯೆತ್ತಿದಳು. ನಾನು ಕಿಟಕಿಯ ಕಡೆ ನೋಡಿ, ಜೇಬಿನ ಕಡೆ ನೋಡಿದೆ. ಕಳ್ಳ ಸಿಕ್ಕಿಬಿದ್ದ ಹಾಗೆ ಅವನು ಜೇಬನ್ನು ಅಂಗೈಯಿಂದ ಒತ್ತಿ ಹಿಡಿದು ನಿಂತ. ಅದು ಒತ್ತಿದಷ್ಟೂ ಕೂಗಿತು. ಬೀದಿಯ ಜಗಲಿಗಳೆಲ್ಲ ತಿರುಗಿ ನೋಡಿದವು.

"ಎತ್ತೋ ಮುನಿ. ಯಾರೋ ಮಾಡ್ತಾವ್ರೆ" ಎಂದರು ಸಪ್ಪಲಮ್ಮ, ಬೇರೆ ಏನನ್ನೂ ಹೇಳದೆ.

ಎತ್ತಿದ. ಹುಡುಗಿಯೊಬ್ಬಳ ದನಿ ನನಗೂ ಕೇಳುವಷ್ಟು ಜೋರಾಗಿತ್ತು. "ನಮಸ್ಕಾರ ಸಾರ್, ಏರ್‌ಪೋರ್ಟ್ ಹತ್ರ ಸೈಟ್ ಏನಾದ್ರೂ ನೋಡ್ತಾ ಇದೀರಾ?"

"ಇಲ್ಲಮ್ಮ" ಎಂದ ಮುನೀಂದ್ರ.  "ನಾನೇನೂ ನೋಡ್ತಾ ಇಲ್ಲ."

ಫೋನಿಟ್ಟು, ತಾಯಿಯ ಪಕ್ಕ ಬಂದು ಕೂತ. ಕಾಲು ಕುಣಿಯುತ್ತಲೇ ಇತ್ತು. ಮುದುಕಿ ಅವನ ಮೊಣಕಾಲಿನ ಮೇಲೆ ಕೈ ಇಟ್ಟರು. ಆಗಲೂ ಅದು ಕುಣಿಯಿತು, ಕೈಯನ್ನೂ ಸೇರಿಸಿಕೊಂಡು.

ಕೊನೆಗೆ ಕೆಮ್ಮಿದವನು ಅವನೇ. ಚಿಲಕ ತೆಗೆದ. ಒಳಗೆ ಊದುಬತ್ತಿಯ ಹೊಗೆ, ಎಲೆಗಳು ಬಡಿಸಿದಂತೆಯೇ ಇದ್ದವು. ಬೈಲಪ್ಪನವರ ಎಲೆಯಿಂದ ಒಂದು ತುತ್ತು ಮುದ್ದೆ ಮುರಿದು ಸಾರಿಗೆ ಅದ್ದಿ ತಾಯಿಯ ಬಾಯಿಗಿಟ್ಟ. ಅವರು ನುಂಗಿದರು. ಮಮತ ಮುಷ್ಟಿ ಬಿಚ್ಚಿ, ಕರಗಿ ಅಂಟಿದ್ದ ಬೆಲ್ಲವನ್ನೂ ಹಿಂದೆಯೇ ತಿನ್ನಿಸಿದಳು. ಸ್ವಲ್ಪ ಹೊತ್ತಿಗೆ ಮುಖಕ್ಕೆ ಬಣ್ಣ ಬಂದ ಮೇಲೆ ಸಪ್ಪಲಮ್ಮ ಮಾಡಿದ ಮೊದಲ ಕೆಲಸ, ನನಗೆ ಇನ್ನೊಂದು ಮುದ್ದೆ ಹಾಕಿಸಿದ್ದು. ನಾನು ಸಾಕು ಎನ್ನಲಿಲ್ಲ. ನನ್ನ ಪಾಲಿಗೆ ಬಂದದ್ದು ಕಾಂಟ್‌ನ ಎಲೆ, ಒಂದು ಕಜ್ಜಾಯವೂ ಮುರಿದಿರಲಿಲ್ಲ.

ಮಾರನೆಯ ವಾರ ಕಾಲೇಜಿನಲ್ಲಿ ಅವನ ಕಾಲು ಮೊದಲಿನ ಹಾಗೆಯೇ ಕುಣಿಯುತ್ತಿತ್ತು. ಅದು ನಿಂತಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ನಿಂತಿಲ್ಲ. ಈಗ ಅವನ ಕೈಯಲ್ಲಿ ಹ್ಯೂಮ್ ಇದ್ದಾನೆ, ಇಷ್ಟು ದಿನ ಹುಟ್ಟಿದ ಸೂರ್ಯ ನಾಳೆಯೂ ಹುಟ್ಟುತ್ತಾನೆ ಎನ್ನಲು ಏನು ಖಾತ್ರಿ ಎಂದು ಕೇಳುವವನು. ಮಧುರೆಗೆ ಹೋಗುವ ಬಸ್ಸಿನ ವಿಷಯದಲ್ಲಿ ಮುನೀಂದ್ರನಿಗೆ ಇದು ಮೊದಲಿನಿಂದಲೂ ಗೊತ್ತಿತ್ತು.

ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ನನಗೆ ತಡೆಯಲಾಗಲಿಲ್ಲ. ಇಷ್ಟು ಜನ ತತ್ವಜ್ಞಾನಿಗಳ ಸಹವಾಸ ಮಾಡಿದವನಿಂದ ಒಂದು ತೀರ್ಪು ಸಿಕ್ಕರೆ ನನ್ನ ಬರಹಕ್ಕೆ ಕೊನೆಯ ಸಾಲು ಆಗುತ್ತದೆ ಎಂಬ ಆಸೆ ಬೇರೆ. ಗಂಟಲು ಸರಿಮಾಡಿಕೊಂಡು ಕೇಳಿದೆ.

"ಅಲ್ಲಾ ಮುನೀಂದ್ರ, ಸಾಕ್ರಟೀಸ್‌ನಿಂದ ಕಾಂಟ್ ತನಕ ಎಲ್ಲಾ ಓದಿದ್ದೀಯ. ತತ್ವಶಾಸ್ತ್ರದ ಪ್ರಕಾರ ಹೇಳು. ಅವತ್ತು ನಿಮ್ಮಪ್ಪ ಬಂದು ಊಟ ಮಾಡಿದ್ರೋ, ಇಲ್ವೋ?"

ಅವನು ರಸ್ತೆಯನ್ನೇ ನೋಡುತ್ತಿದ್ದ.

"ನಂಗೇನ್ ಗೊತ್ತು ಸಾರ್? ಬಾಗಿಲು ಹಾಕಿತ್ತಲ್ಲ."